ಜಿನವಾಣಿಯ ಅಕ್ಷರ ಕಾದ ಸದಲಗಾದ ಡಾ. ಆ. ನೇ. ಉಪಾಧ್ಯೆ

ಮಂಗಳಾಚರಣೆ ಹೇಳುವ ಪ್ರತಿ ಮನೆಯಲ್ಲೂ ಕುಂದಕುಂದಾಚಾರ್ಯರ ಹೆಸರು ದಿನವೂ ಕೇಳಿಬರುತ್ತದೆ. ಭಗವಾನ್ ಮಹಾವೀರರು, ಗೌತಮ ಗಣಧರರು, ಆಮೇಲೆ ಕುಂದಕುಂದರು. ಆದರೆ ಆ ಆಚಾರ್ಯರು ಯಾವ ಕಾಲದವರು, ಅವರು ಬರೆದ ಗಾಥೆಗಳು ಎಷ್ಟು, ನಮ್ಮ ಕೈಗೆ ಬಂದಿರುವ ಪಾಠ ಅವರು ಬರೆದಂತೆಯೇ ಇದೆಯೇ ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ. ಸುಮಾರು ತೊಂಬತ್ತು ವರ್ಷಗಳ ಹಿಂದೆ ಈ ಪ್ರಶ್ನೆಗಳನ್ನು ಕೈಗೆತ್ತಿಕೊಂಡು ಹಸ್ತಪ್ರತಿಗಳ ಮುಂದೆ ಕುಳಿತ ವಿದ್ವಾಂಸರು ನಮ್ಮ ಬೆಳಗಾವಿ ಜಿಲ್ಲೆಯವರು. ಅವರೇ ಡಾ. ಆದಿನಾಥ ನೇಮಿನಾಥ ಉಪಾಧ್ಯೆ.

ಹೊಸ ತಲೆಮಾರಿಗೆ ಅವರ ಹೆಸರು ಅಷ್ಟಾಗಿ ತಿಳಿದಿಲ್ಲ. ಪರಂಪರೆಯ ಶಾಸ್ತ್ರವನ್ನು ಆಧುನಿಕ ಕಣ್ಣಿನಿಂದ ನೋಡಿದರೆ ಶ್ರದ್ಧೆ ಕುಂದುತ್ತದೆ ಎಂಬ ಅಂಜಿಕೆ ಹಿರಿಯರಲ್ಲಿದೆ. ಹಳೆಯದನ್ನು ಓದಿ ಇಂದಿನ ಬದುಕಿಗೆ ಏನು ಲಾಭ ಎಂಬ ಪ್ರಶ್ನೆ ಮಕ್ಕಳಲ್ಲಿದೆ. ಇಬ್ಬರಿಗೂ ಉಪಾಧ್ಯೆಯವರ ಜೀವನ ಒಂದು ಉತ್ತರ ಕೊಡುತ್ತದೆ.

ಸದಲಗಾದಿಂದ ಕೊಲ್ಲಾಪುರಕ್ಕೆ

ಚಿಕ್ಕೋಡಿ ಭಾಗದ ಸದಲಗಾ ಎಂದೊಡನೆ ಇಂದು ಎಲ್ಲರಿಗೂ ನೆನಪಾಗುವುದು ಆಚಾರ್ಯ ಶ್ರೀ ವಿದ್ಯಾಸಾಗರ ಮಹಾರಾಜರು. ಅವರು ಅಲ್ಲಿ ಜನಿಸಿದ್ದು 1946ರಲ್ಲಿ. ಅದಕ್ಕೆ ನಲವತ್ತು ವರ್ಷ ಮೊದಲು, 1906ರ ಫೆಬ್ರವರಿ 6ರಂದು, ಅದೇ ಊರಿನಲ್ಲಿ ಆದಿನಾಥರು ಹುಟ್ಟಿದರು. ಉತ್ತರ ಕರ್ನಾಟಕ ಮತ್ತು ದಕ್ಷಿಣ ಮಹಾರಾಷ್ಟ್ರದ ಜೈನ ಸಮಾಜದಲ್ಲಿ ಉಪಾಧ್ಯೆ ಎಂದರೆ ಬಸದಿಯ ಪೂಜೆ ಮತ್ತು ಸಂಸ್ಕಾರಗಳನ್ನು ನಡೆಸಿಕೊಡುವ ಮನೆತನದ ಹೆಸರು. ಮಂತ್ರ, ಅಭಿಷೇಕ, ಪಂಚಕಲ್ಯಾಣಗಳ ಮಾತು ಆ ಹೆಸರಿನೊಂದಿಗೇ ಬರುತ್ತದೆ.

ಬೆಳಗಾವಿಯಲ್ಲಿ ಪ್ರೌಢಶಾಲೆ ಮುಗಿಸಿ ಮುಂದೆ ಓದಿ, 1930ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಎಂ.ಎ. ಪದವಿ ಪಡೆದರು. ಅದೇ ವರ್ಷ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾದರು. 1962ರಲ್ಲಿ ನಿವೃತ್ತರಾಗುವವರೆಗೆ ಅದೇ ಕಾಲೇಜು. ಮೂವತ್ತೆರಡು ವರ್ಷ ತರಗತಿಯಲ್ಲಿ ಪಾಠ ಹೇಳುತ್ತಲೇ ಅವರು ಗ್ರಂಥ ಸಂಪಾದನೆಯ ಕೆಲಸ ಮಾಡಿದರು.

ಅವರಿಗಿದ್ದ ಒಂದು ಅನುಕೂಲವನ್ನು ಇಲ್ಲಿ ಹೇಳಬೇಕು. ದಿಗಂಬರ ಪರಂಪರೆಯ ಪ್ರಾಕೃತ, ಸಂಸ್ಕೃತ ಗ್ರಂಥಗಳ ಹಲವು ಮುಖ್ಯ ಪ್ರತಿಗಳು ಉಳಿದಿದ್ದು ಮೂಡುಬಿದಿರೆ, ಶ್ರವಣಬೆಳಗೊಳ, ಕೊಲ್ಲಾಪುರದಂಥ ಕ್ಷೇತ್ರಗಳ ಮಠಗಳಲ್ಲಿ. ಭಾಷೆ ಪ್ರಾಕೃತ ಅಥವಾ ಸಂಸ್ಕೃತ, ಲಿಪಿ ಹಳಗನ್ನಡ. ಉತ್ತರದ ಪಂಡಿತರಿಗೆ ಭಾಷೆ ಬರುತ್ತಿತ್ತು, ಲಿಪಿ ಬರುತ್ತಿರಲಿಲ್ಲ. ನಮ್ಮವರಲ್ಲಿ ಅನೇಕರಿಗೆ ಲಿಪಿ ಬರುತ್ತಿತ್ತು, ಪ್ರಾಕೃತ ಬರುತ್ತಿರಲಿಲ್ಲ. ಎರಡೂ ಬಲ್ಲವರಾಗಿ, ಆಧುನಿಕ ಸಂಪಾದನಾ ಕ್ರಮವನ್ನೂ ಅರಿತವರಾಗಿದ್ದವರು ಉಪಾಧ್ಯೆ.

ಜ್ಞಾನಾಚಾರವೇ ಸಂಪಾದನೆಯ ಕ್ರಮ

ತಾಳೆಗರಿ ಇನ್ನೂರು ಮುನ್ನೂರು ವರ್ಷಕ್ಕೆ ಶಿಥಿಲವಾಗುತ್ತದೆ. ಹುಳು ತಿನ್ನುತ್ತದೆ, ತುದಿ ಮುರಿಯುತ್ತದೆ. ಹಾಗಾಗಿ ಹಳೆಯ ಪ್ರತಿಯನ್ನು ನೋಡಿ ಹೊಸದು ಬರೆಸುವುದು ಶಾಸ್ತ್ರದಾನವೆಂದು ನಮ್ಮ ಹಿರಿಯರು ನಡೆಸಿಕೊಂಡು ಬಂದರು. ಪ್ರತಿ ಬಾರಿ ನಕಲು ಮಾಡುವಾಗಲೂ ಒಂದಿಷ್ಟು ತಪ್ಪು ಸೇರುತ್ತದೆ. ಒಂದು ಉದಾಹರಣೆ ನೋಡಿ. ದಕ್ಷಿಣದ ಪ್ರಾಕೃತ ಪ್ರತಿಗಳಲ್ಲಿ ಅಕ್ಷರದ ಹಿಂದೆ ಇಟ್ಟ ಸೊನ್ನೆ ಎಷ್ಟೋ ಕಡೆ ಅನುಸ್ವಾರವಲ್ಲ. ಮುಂದಿನ ಅಕ್ಷರವನ್ನು ಒತ್ತಕ್ಷರವಾಗಿ ಓದಬೇಕೆಂಬ ಗುರುತು. ಸರ್ವ ಎಂಬರ್ಥದ ‘ಸವ್ವ’ ಎಂಬ ಪದವನ್ನು ಲಿಪಿಕಾರ ಸೊನ್ನೆಯಿಟ್ಟು ಬರೆದಿರುತ್ತಾನೆ. ಇದು ತಿಳಿಯದವನು ‘ಸಂವ’ ಎಂದು ಓದಿ ಹಾಗೆಯೇ ನಕಲು ಮಾಡುತ್ತಾನೆ. ಅವನ ನಕಲನ್ನು ನೋಡಿ ಬರೆದವನು ಅರ್ಥವಾಗದೆ ಇನ್ನೊಂದು ಪದ ಸೇರಿಸುತ್ತಾನೆ. ನಾಲ್ಕು ತಲೆಮಾರಿನಲ್ಲಿ ಆಚಾರ್ಯರ ಮಾತು ಹೋಗಿ ಲಿಪಿಕಾರನ ಮಾತು ನಿಲ್ಲುತ್ತದೆ.

ಇದಕ್ಕೆ ಉಪಾಧ್ಯೆಯವರು ಅನುಸರಿಸಿದ ದಾರಿ ಹೀಗಿತ್ತು. ಸಿಗುವ ಪ್ರತಿಗಳನ್ನು ಕೂಡಿಸಬೇಕು. ಒಂದೊಂದಕ್ಕೆ ಒಂದು ಗುರುತಿನ ಅಕ್ಷರ ಕೊಡಬೇಕು. ಸಾಲು ಸಾಲಾಗಿ ಹೋಲಿಸಬೇಕು. ಯುಕ್ತವಾದ ಪಾಠವನ್ನು ಮೇಲಿಟ್ಟು, ಉಳಿದ ಪಾಠಭೇದಗಳನ್ನು ಪುಟದ ಕೆಳಗೆ ಕೊಡಬೇಕು. ತನಗೆ ಸರಿ ಕಂಡಿತೆಂದು ಸದ್ದಿಲ್ಲದೆ ತಿದ್ದಬಾರದು. ಯಾವ ಪ್ರತಿ ಯಾವ ಮಠದ್ದು, ಯಾರ ನೆರವಿನಿಂದ ಸಿಕ್ಕಿತು ಎಂಬುದನ್ನು ಹೇಳಬೇಕು. ಆಮೇಲೆ ಪೀಠಿಕೆಯಲ್ಲಿ ಕರ್ತೃವಿನ ಕಾಲ, ಭಾಷೆ, ತತ್ತ್ವ ಎಲ್ಲವನ್ನೂ ಆಧಾರಸಹಿತ ಚರ್ಚಿಸಬೇಕು.

ಇದನ್ನು ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಬೆಳೆದ ಶಾಸ್ತ್ರವೆಂದು ಹೇಳುವುದು ವಾಡಿಕೆ. ಅದು ನಿಜವೂ ಹೌದು. ಆದರೆ ನಮ್ಮ ಮೂಲಾಚಾರ ಹೇಳುವ ಎಂಟು ಬಗೆಯ ಜ್ಞಾನಾಚಾರವನ್ನು ಒಮ್ಮೆ ನೆನಪಿಸಿಕೊಳ್ಳಿ. ಅದರಲ್ಲಿ ವ್ಯಂಜನ ಶುದ್ಧಿ ಇದೆ, ಅಂದರೆ ಅಕ್ಷರ ತಪ್ಪಬಾರದು. ಅರ್ಥ ಶುದ್ಧಿ ಇದೆ. ಎರಡೂ ಕೂಡಿದ ಉಭಯ ಶುದ್ಧಿ ಇದೆ. ಅನಿಹ್ನವ ಇದೆ, ಅಂದರೆ ವಿದ್ಯೆ ಎಲ್ಲಿಂದ ಬಂತೆಂಬುದನ್ನು ಮುಚ್ಚಿಡಬಾರದು. ವಿನಯ, ಬಹುಮಾನ ಅಂತೂ ಇದ್ದೇ ಇವೆ. ಉಪಾಧ್ಯೆಯವರ ಯಾವುದೇ ಸಂಪಾದಿತ ಗ್ರಂಥ ತೆರೆದರೂ ಈ ಆಚಾರಗಳು ಪುಟಪುಟದಲ್ಲಿ ಕಾಣುತ್ತವೆ. ಹೊಸ ವಿದ್ಯೆ ಅವರನ್ನು ಪರಂಪರೆಯಿಂದ ದೂರ ಒಯ್ಯಲಿಲ್ಲ. ಪರಂಪರೆಯೇ ವಿಧಿಸಿದ್ದ ಒಂದು ವ್ರತವನ್ನು ಬಿಗಿಯಾಗಿ ಪಾಲಿಸಲು ಸಾಧನವಾಯಿತು.

1935ರಲ್ಲಿ ರಾಯಚಂದ್ರ ಜೈನ ಶಾಸ್ತ್ರಮಾಲೆಯಲ್ಲಿ ಅವರ ‘ಪ್ರವಚನಸಾರ’ ಹೊರಬಂತು. ಅದರ ಪೀಠಿಕೆಯೇ ಒಂದು ಗ್ರಂಥದಷ್ಟಿದೆ. ಕುಂದಕುಂದರ ಹೆಸರುಗಳು, ಕೃತಿಗಳು, ಭಾಷೆ, ಟೀಕಾಕಾರರು ಎಲ್ಲವನ್ನೂ ಪರಿಶೀಲಿಸಿ, ಆಚಾರ್ಯರ ಕಾಲವನ್ನು ಕ್ರಿಸ್ತಶಕದ ಆರಂಭದ ಹೊತ್ತಿಗೆ ಇಟ್ಟರು. ಇಂದಿಗೂ ಕುಂದಕುಂದರ ಬಗ್ಗೆ ಬರೆಯುವವರು, ಒಪ್ಪಲಿ ಬಿಡಲಿ, ಆ ಪೀಠಿಕೆಯನ್ನು ದಾಟಿಯೇ ಮುಂದೆ ಹೋಗಬೇಕು. 1937ರಲ್ಲಿ ಜೋಇಂದು ಮುನಿಯ ಅಪಭ್ರಂಶ ಕೃತಿ ‘ಪರಮಾತ್ಮಪ್ರಕಾಶ’ ಬಂತು. 1939ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಅವರಿಗೆ ಡಿ.ಲಿಟ್. ಪದವಿ ಕೊಟ್ಟಿತು.

ಕಳೆದುಹೋಗಿದ್ದ ಕಾವ್ಯ ಸಿಕ್ಕಿದ್ದು

ಜಟಾಚಾರ್ಯರೆಂಬ ಕವಿಯನ್ನು ಹಳಬರು ಬಹಳ ಗೌರವದಿಂದ ನೆನೆದಿದ್ದಾರೆ. ಜಿನಸೇನಾಚಾರ್ಯರು, ‘ಕುವಲಯಮಾಲಾ’ ಬರೆದ ಉದ್ಯೋತನಸೂರಿಗಳು, ಕನ್ನಡದ ಪಂಪ, ಚಾವುಂಡರಾಯ, ಜನ್ನ ಎಲ್ಲರೂ ಆ ಹೆಸರನ್ನು ಬಲ್ಲರು. ಆದರೆ ಅವರ ಕಾವ್ಯ ‘ವರಾಂಗಚರಿತ’ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದು ರವಿಷೇಣರ ಕೃತಿಯಿರಬಹುದೆಂದು ಎಣಿಸಿದವರೂ ಇದ್ದರು. ಸಾವಿರ ವರ್ಷ ಕೊಂಡಾಡಿಸಿಕೊಂಡ ಕವಿಯ ಕೃತಿಯೇ ಇಲ್ಲವಾಗಿತ್ತು.

ಕೊಲ್ಲಾಪುರದ ಲಕ್ಷ್ಮೀಸೇನ ಮಠದ ತಾಳೆಗರಿಗಳಲ್ಲಿ ಉಪಾಧ್ಯೆಯವರಿಗೆ ಆ ಕಾವ್ಯ ಸಿಕ್ಕಿತು. ಇದೇ ಆ ಗ್ರಂಥವೆಂದು ಹೇಳಲು ಆಧಾರ ಬೇಕಿತ್ತು. ಚಾವುಂಡರಾಯ ತನ್ನ ಪುರಾಣದಲ್ಲಿ ಜಟಾಸಿಂಹನಂದಿಗಳ ಹೆಸರು ಹೇಳಿ ಎತ್ತಿಕೊಂಡಿದ್ದ ಪದ್ಯ ಈ ಗರಿಗಳಲ್ಲಿ ಕಂಡಿತು. ಹಳೆಯ ಕವಿಗಳ ಉಲ್ಲೇಖಗಳೂ ಅತ್ತಲೇ ಬೊಟ್ಟು ಮಾಡಿದವು. 31 ಸರ್ಗಗಳ ಆ ಸಂಸ್ಕೃತ ಕಾವ್ಯ 1938ರಲ್ಲಿ ಮಾಣಿಕಚಂದ್ರ ಗ್ರಂಥಮಾಲೆಯಲ್ಲಿ ಅಚ್ಚಾಯಿತು. ಕವಿಯ ಕಾಲ ಏಳನೆಯ ಶತಮಾನದ ಕೊನೆಯ ಭಾಗವಿರಬೇಕೆಂದು ಅವರು ತರ್ಕಿಸಿದರು.

ಕೊಪ್ಪಳದ ಬೆಟ್ಟದ ಮೇಲೆ ಒಂದು ಜೋಡಿ ಪಾದಗಳಿವೆ. ಜಟಾಸಿಂಗನಂದಿ ಆಚಾರ್ಯರ ಈ ಪಾದಗಳನ್ನು ಚಾವಯ್ಯ ಎಂಬವನು ಮಾಡಿಸಿದನೆಂದು ಅಲ್ಲಿನ ಹಳಗನ್ನಡ ಶಾಸನ ತಿಳಿಸುತ್ತದೆ. ಉಪಾಧ್ಯೆಯವರು ಈ ಶಾಸನವನ್ನು ಕಾವ್ಯದ ಕವಿಯೊಂದಿಗೆ ಸೇರಿಸಿ ನೋಡಿದರು. ಕೊಪ್ಪಳಕ್ಕೆ ಹೋಗಿ ಪಾದಗಳಿಗೆ ನಮಸ್ಕರಿಸುವ ಭಕ್ತರಿಗೆ ಆ ಪಾದಗಳ ಒಡೆಯರು ಬರೆದ ಕಾವ್ಯವೂ ಈಗ ಓದಲು ಸಿಗುತ್ತದೆ.

ಗೊಮ್ಮಟ ಎಂದರೆ ಯಾರು?

ಶ್ರವಣಬೆಳಗೊಳದ ಬಾಹುಬಲಿ ಸ್ವಾಮಿಗೆ ಗೊಮ್ಮಟೇಶ್ವರ ಎಂಬ ಹೆಸರು ಹೇಗೆ ಬಂತು? ಮಂಜೇಶ್ವರದ ಗೋವಿಂದ ಪೈಗಳಂಥ ದೊಡ್ಡ ವಿದ್ವಾಂಸರು ಮನ್ಮಥ ಎಂಬ ಪದದಿಂದ ಗೊಮ್ಮಟ ಬಂದಿದೆ ಎಂದಿದ್ದರು. ಬಾಹುಬಲಿ ಕಾಮದೇವರಲ್ಲಿ ಮೊದಲಿಗನಾದ್ದರಿಂದ ಈ ವಾದ ಆಕರ್ಷಕವಾಗಿತ್ತು. ಉಪಾಧ್ಯೆಯವರು 1940ರ ಹೊತ್ತಿಗೆ ಬೇರೆ ಅಭಿಪ್ರಾಯ ಮಂಡಿಸಿದರು. ಪ್ರಾಕೃತದಲ್ಲಿ ಮನ್ಮಥ ಎಂಬುದು ವಮ್ಮಹ ಎಂದಾಗುತ್ತದೆ. ಅದರಿಂದ ಗೊಮ್ಮಟಕ್ಕೆ ಬರುವ ದಾರಿ ಸುಗಮವಲ್ಲ. ಇತ್ತ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ತಮ್ಮ ಗ್ರಂಥದ ಕೊನೆಯ ಗಾಥೆಗಳಲ್ಲಿ ಚಾವುಂಡರಾಯನನ್ನೇ ಗೊಮ್ಮಟರಾಯನೆಂದು ಕರೆದು ಹರಸಿದ್ದಾರೆ. ಹಾಗಾದರೆ ಗೊಮ್ಮಟ ಎಂಬುದು ಚಾವುಂಡರಾಯನ ಮನೆಯ ಹೆಸರು. ಅವನಿಗಾಗಿ ಬರೆದ ಸಾರ ‘ಗೊಮ್ಮಟಸಾರ’, ಅವನ ಆರಾಧ್ಯ ದೇವರು ಗೊಮ್ಮಟೇಶ್ವರ.

ಹಿರಿಯ ವಿದ್ವಾಂಸರ ಮಾತನ್ನು ಒಪ್ಪದಿದ್ದರೂ ಅವರು ಆಧಾರಗಳನ್ನಷ್ಟೇ ಮುಂದಿಟ್ಟರು. ಭಕ್ತರ ಭಾವಕ್ಕೂ ಇದರಿಂದ ಕೊರತೆಯಾಗಲಿಲ್ಲ. ಒಬ್ಬ ಶ್ರಾವಕನ ಹೆಸರಿನಿಂದಲೇ ಭಗವಂತನನ್ನು ಲೋಕ ಗುರುತಿಸುತ್ತಿದೆ ಎಂದು ತಿಳಿದರೆ ಮನಸ್ಸು ಇನ್ನಷ್ಟು ತುಂಬಿ ಬರುತ್ತದೆ.

ಪಂಥದ ಗೋಡೆಗಳ ನಡುವೆ

ಯಾಪನೀಯ ಸಂಘವೆಂಬ ಮೂರನೆಯ ಧಾರೆಯೊಂದು ನಮ್ಮ ನಾಡಿನಲ್ಲಿತ್ತು. ಖಾನಾಪುರ ಭಾಗದ ಹಲಸಿಯಲ್ಲಿ ಸಿಕ್ಕಿದ ಕದಂಬರ ತಾಮ್ರಪಟಗಳಲ್ಲಿ ಅದರ ಹೆಸರಿದೆ. ಈ ಮುನಿಗಳು ದಿಗಂಬರರಂತೆ ನಿರ್ವಸ್ತ್ರರಾಗಿದ್ದರು. ಶ್ವೇತಾಂಬರರಂತೆ ಸ್ತ್ರೀಮುಕ್ತಿಯನ್ನೂ ಕೇವಲಿಯ ಆಹಾರವನ್ನೂ ಒಪ್ಪುತ್ತಿದ್ದರು. ಕಾಲಾಂತರದಲ್ಲಿ ಸಂಘ ಕರಗಿಹೋಯಿತು, ನೆನಪೂ ಮಸುಕಾಯಿತು. ಉಪಾಧ್ಯೆಯವರು 1930ರ ದಶಕದಿಂದಲೇ ಶಾಸನ ಮತ್ತು ಗ್ರಂಥಗಳಿಂದ ಅದರ ಚರಿತ್ರೆಯನ್ನು ಕೂಡಿಸತೊಡಗಿದರು. ಎರಡೂ ಪಂಥಗಳಿಗೆ ಇದು ಮುಜುಗರ ತರಬಹುದಾದ ವಿಷಯ. ತಮ್ಮದೆಂದು ತಿಳಿದ ಆಚಾರ್ಯರೊಬ್ಬರು ಯಾಪನೀಯರಿರಬಹುದು ಎಂದರೆ ಯಾರಿಗೂ ಹಿತವಾಗುವುದಿಲ್ಲ. ದಿಗಂಬರ ಮನೆತನದಲ್ಲಿ ಹುಟ್ಟಿದ ಉಪಾಧ್ಯೆಯವರು ಆಧಾರ ತೋರಿದ ಕಡೆಗೆ ನಡೆದರು. ಅನೇಕಾಂತವನ್ನು ಪಾಠ ಹೇಳುವುದಕ್ಕಿಂತ ಅದನ್ನು ಪಾಲಿಸುವುದು ಕಷ್ಟ. ಅವರು ಪಾಲಿಸಿದರು.

ಅವರ ಒಡನಾಟವೂ ಹಾಗೆಯೇ ವಿಶಾಲವಾಗಿತ್ತು. ಹರಿಭದ್ರಸೂರಿಗಳ ‘ಧೂರ್ತಾಖ್ಯಾನ’, ಉದ್ಯೋತನಸೂರಿಗಳ ‘ಕುವಲಯಮಾಲಾ’ ಮುಂತಾದ ಶ್ವೇತಾಂಬರ ಕೃತಿಗಳಿಗೆ ಮುನಿ ಜಿನವಿಜಯರ ಸಿಂಘೀ ಗ್ರಂಥಮಾಲೆಯಲ್ಲಿ ದುಡಿದರು. ಕ್ರಿ.ಶ. 779ರಲ್ಲಿ ಜಾಲೋರಿನಲ್ಲಿ ಮುಗಿದ ಕುವಲಯಮಾಲೆಯಲ್ಲಿ ಒಂದು ಸಂತೆಯ ದೃಶ್ಯವಿದೆ. ನಾನಾ ದೇಶದ ವ್ಯಾಪಾರಿಗಳು ತಮ್ಮ ತಮ್ಮ ನುಡಿಯಲ್ಲಿ ಮಾತಾಡುತ್ತಾರೆ. ಅವರಲ್ಲಿ ಕರ್ಣಾಟಕದವನೂ ಒಬ್ಬ. ಅದರ ಮೂಲಪಾಠ 1959ರಲ್ಲಿ, ಎರಡನೆಯ ಭಾಗ 1970ರಲ್ಲಿ ಹೊರಬಂದವು. ಕೇರಳದ ರಾಮಪಾಣಿವಾದ ಬರೆದ ಕೃಷ್ಣಕಥೆಯ ಪ್ರಾಕೃತ ಕಾವ್ಯ ‘ಕಂಸವಹೋ’, ಕುತೂಹಲ ಕವಿಯ ಪ್ರೇಮಕಥೆ ‘ಲೀಲಾವಈ’ ಇವು ಜೈನ ಗ್ರಂಥಗಳೇ ಅಲ್ಲ. ಅವನ್ನೂ ಅಷ್ಟೇ ಶ್ರದ್ಧೆಯಿಂದ ಸಂಪಾದಿಸಿದರು.

ಜೊತೆಗೂಡಿ ಕಟ್ಟಿದ ಗ್ರಂಥಮಾಲೆಗಳು

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ ಗ್ರಂಥದ ತಾಳೆಗರಿಗಳು ಶತಮಾನಗಳ ಕಾಲ ದರ್ಶನಕ್ಕಷ್ಟೇ ದೊರೆಯುತ್ತಿದ್ದವು. ಪುಷ್ಪದಂತ ಭೂತಬಲಿಗಳ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಆ ಮಹಾಟೀಕೆ, ಪ್ರತಿಗಳು ಹೊರಗೆ ಬಂದ ಮೇಲೆ, 1939ರಿಂದ ಸಂಪುಟ ಸಂಪುಟವಾಗಿ ಅಚ್ಚಾಗತೊಡಗಿತು. ಅದರ ಪ್ರಧಾನ ಸಂಪಾದಕರು ಅಮರಾವತಿಯ ಪ್ರೊ. ಹೀರಾಲಾಲ ಜೈನರು. ಪಾಠ ಸಂಶೋಧನೆಯಲ್ಲಿ ಅವರಿಗೆ ನೆರವಾದವರಲ್ಲಿ ಉಪಾಧ್ಯೆ ಒಬ್ಬರು. ಆ ಇಬ್ಬರ ಸ್ನೇಹ ಜೈನ ಸಾಹಿತ್ಯಕ್ಕೆ ದೊಡ್ಡ ಕೊಡುಗೆ.

ಸೊಲ್ಲಾಪುರದ ಬ್ರಹ್ಮಚಾರಿ ಜೀವರಾಜ ಗೌತಮಚಂದ ದೋಶಿಯವರು ತಮ್ಮ ಸಂಪತ್ತನ್ನು ಜ್ಞಾನದಾನಕ್ಕೆ ಒಪ್ಪಿಸಿದಾಗ ಜೀವರಾಜ ಜೈನ ಗ್ರಂಥಮಾಲೆ ಹುಟ್ಟಿತು. ಉಪಾಧ್ಯೆ ಮತ್ತು ಹೀರಾಲಾಲರು ಅದರ ಸಂಪಾದಕರಾದರು. ಮಾಲೆಯ ಮೊದಲ ಗ್ರಂಥ ಯತಿವೃಷಭರ ‘ತಿಲೋಯಪಣ್ಣತ್ತಿ’. ಅದರ ಎರಡು ಭಾಗಗಳು 1943 ಮತ್ತು 1951ರಲ್ಲಿ ಬಂದವು. ಅಸ್ಸಾಮಿನ ವಿದ್ವಾಂಸ ಕೃಷ್ಣಕಾಂತ ಹಂಡಿಕಿಯವರು ಸೋಮದೇವಸೂರಿಗಳ ‘ಯಶಸ್ತಿಲಕ’ದ ಬಗ್ಗೆ ಬರೆದ ಗ್ರಂಥವೂ, ಪಿ. ಬಿ. ದೇಸಾಯಿಯವರು ದಕ್ಷಿಣ ಭಾರತದ ಜೈನಧರ್ಮ ಮತ್ತು ಶಾಸನಗಳ ಬಗ್ಗೆ ಬರೆದ ಗ್ರಂಥವೂ ಅದೇ ಮಾಲೆಯಲ್ಲಿ ಬೆಳಕು ಕಂಡವು. ಬರೆದವರು ಜೈನರೇ ಆಗಿರಬೇಕೆಂಬ ಕಟ್ಟಳೆ ಅಲ್ಲಿರಲಿಲ್ಲ. 1944ರಲ್ಲಿ ಭಾರತೀಯ ಜ್ಞಾನಪೀಠ ಸ್ಥಾಪನೆಯಾದ ಬಳಿಕ ಅದರ ಮೂರ್ತಿದೇವಿ ಗ್ರಂಥಮಾಲೆಗೂ ಇದೇ ಜೋಡಿ ಸಂಪಾದಕರಾಯಿತು.

ಕನ್ನಡಿಗರಿಗೆ ವಿಶೇಷವಾಗಿ ಬೇಕಾದದ್ದು 1943ರಲ್ಲಿ ಬಂದ ಹರಿಷೇಣರ ‘ಬೃಹತ್ಕಥಾಕೋಶ’. 157 ಕಥೆಗಳ ಆ ಸಂಸ್ಕೃತ ಗ್ರಂಥದ ಪೀಠಿಕೆಯಲ್ಲಿ, ಭಗವತೀ ಆರಾಧನೆಯ ಗಾಥೆಗಳಿಂದ ಕಥೆಗಳು ಹೇಗೆ ಬೆಳೆದು ಬಂದವೆಂದು ಅವರು ತೋರಿಸಿದರು. ನಮ್ಮ ‘ವಡ್ಡಾರಾಧನೆ’ಯ 19 ಕಥೆಗಳ ಬೇರು ಎಲ್ಲಿದೆ ಎಂದು ಹುಡುಕುವವರು ಆ ಪೀಠಿಕೆಯನ್ನು ನೋಡಲೇಬೇಕು.

ಶ್ರವಣಬೆಳಗೊಳ ಮತ್ತು ಮೈಸೂರು

1966ರಲ್ಲಿ ಅಲಿಗಢದಲ್ಲಿ ನಡೆದ ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಮರುವರ್ಷ ಶ್ರವಣಬೆಳಗೊಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ದೊರೆಯಿತು. ಭಗವಾನ್ ಬಾಹುಬಲಿಗೆ ಮಹಾಮಸ್ತಕಾಭಿಷೇಕ ನೆರವೇರಿದ್ದೂ ಅದೇ 1967ರಲ್ಲಿ. ಜೀವನದ ಬಹುಪಾಲು ಕೊಲ್ಲಾಪುರದಲ್ಲಿ ಕಳೆದ, ಹೆಚ್ಚಾಗಿ ಇಂಗ್ಲಿಷಿನಲ್ಲಿ ಬರೆದ ವಿದ್ವಾಂಸರನ್ನು ಕನ್ನಡ ನಾಡು ತನ್ನವರೆಂದು ಗುರುತಿಸಿದ ಸಂದರ್ಭವದು.

1971ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತದ ಮೊದಲ ಪ್ರಾಧ್ಯಾಪಕರಾದರು. ಅರವತ್ತೈದರ ವಯಸ್ಸಿನಲ್ಲಿ ಹೊಸ ವಿಭಾಗಕ್ಕೆ ತಳಪಾಯ ಹಾಕುವ ಕೆಲಸ. ಶ್ರವಣಬೆಳಗೊಳದ ಪಂಡಿತಾಚಾರ್ಯರು ಜಯದೇವ ಕವಿಯ ಗೀತಗೋವಿಂದದ ಮಾದರಿಯಲ್ಲಿ ರಚಿಸಿದ ‘ಗೀತವೀತರಾಗ’ವನ್ನು ಸಂಪಾದಿಸಿದ್ದು ಈ ದಿನಗಳಲ್ಲೇ. ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವವನ್ನು ಅವರು ಕಂಡರು. 1975ರ ಅಕ್ಟೋಬರ್‌ನಲ್ಲಿ ಕೊಲ್ಲಾಪುರದಲ್ಲಿ ತೀರಿಕೊಂಡರು. ಆ ಮಹೋತ್ಸವದ ನೆನಪಿಗಾಗಿ ಸಿದ್ಧವಾದ, ಮಹಾವೀರರು ಮತ್ತು ಅವರ ಬೋಧನೆಗಳ ಬಗೆಗಿನ ಸಂಪುಟ ಹೊರಬಂದಾಗ ಅದರ ಸಂಪಾದಕರಲ್ಲಿ ಒಬ್ಬರಾದ ಉಪಾಧ್ಯೆ ಇರಲಿಲ್ಲ.

ನಮ್ಮ ಪಾಲಿಗೆ ಉಳಿದ ಕೆಲಸ

ಉಪಾಧ್ಯೆಯವರ ದೊಡ್ಡ ಪೀಠಿಕೆಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿವೆ. ಹಾಗಾಗಿ ಅವು ದೇಶವಿದೇಶದ ವಿದ್ವಾಂಸರನ್ನು ತಲುಪಿದವು, ನಮ್ಮ ಸಾಮಾನ್ಯ ಶ್ರಾವಕ ಶ್ರಾವಿಕೆಯರನ್ನು ತಲುಪಲಿಲ್ಲ. ಆ ವಿಚಾರಗಳನ್ನು ಸರಳ ಕನ್ನಡದಲ್ಲಿ ಮನೆಮನೆಗೆ ತರುವ ಕೆಲಸ ಮುಂದಿನವರದು. ಧವಲಾದ ಕನ್ನಡ ಅನುವಾದದ ಸಂಪುಟಗಳು ಶ್ರವಣಬೆಳಗೊಳದಿಂದ ಬಂದಿವೆ. 2024ರಲ್ಲಿ ಪ್ರಾಕೃತಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನವೂ ದೊರೆತಿದೆ. ಕಲಿಯುವ ಮಕ್ಕಳಿಲ್ಲದಿದ್ದರೆ ಈ ಸ್ಥಾನಮಾನದಿಂದ ಆಗುವುದು ಅಷ್ಟಕ್ಕಷ್ಟೇ.

ಪ್ರತಿ ವರ್ಷ ಜ್ಯೇಷ್ಠ ಶುಕ್ಲ ಪಂಚಮಿಯಂದು ಶ್ರುತಪಂಚಮಿ ಆಚರಿಸುತ್ತೇವೆ. ಶಾಸ್ತ್ರಗಳನ್ನು ಹೊರತೆಗೆದು, ಹೊಸ ವಸ್ತ್ರ ಸುತ್ತಿ, ಪೂಜಿಸಿ ಒಳಗಿಡುತ್ತೇವೆ. ಈ ಸಲ ಒಂದು ಗ್ರಂಥವನ್ನಾದರೂ ಬಿಚ್ಚಿ ಒಂದು ಪುಟ ಮಕ್ಕಳಿಂದ ಓದಿಸೋಣ. ಅರ್ಥವಾಗದ ಕಡೆ ಅವರು ಪ್ರಶ್ನೆ ಕೇಳಲಿ. ಸ್ವಾಧ್ಯಾಯದ ಐದು ಬಗೆಗಳಲ್ಲಿ ಪೃಚ್ಛನೆಯೂ ಒಂದು, ಅಂದರೆ ಕೇಳುವುದು ಕೂಡ ಸ್ವಾಧ್ಯಾಯವೇ. ಹಳೆಯ ಮನೆಯ ಅಟ್ಟದಲ್ಲಿ ತಾಳೆಗರಿಯ ಕಟ್ಟು ಅಥವಾ ಕೈಬರಹದ ಹೊತ್ತಗೆ ಇದ್ದರೆ ಅದನ್ನು ನದಿಗೆ ಬಿಡುವ ಮೊದಲು, ಹಳೆಯ ಸಾಮಾನಿನ ಜೊತೆ ಸಾಗಿಸುವ ಮೊದಲು ಬಲ್ಲವರಿಗೆ ತೋರಿಸೋಣ. ವರಾಂಗಚರಿತ ಸಿಕ್ಕಿದ್ದು ಮಠದಲ್ಲಿ ಯಾರೋ ಜೋಪಾನವಾಗಿ ಇಟ್ಟಿದ್ದ ಕಟ್ಟಿನಲ್ಲಿ. ಇಟ್ಟವರ ಹೆಸರು ನಮಗೆ ಗೊತ್ತಿಲ್ಲ. ಅವರು ಕಾಯದಿದ್ದರೆ ಉಪಾಧ್ಯೆಯವರಿಗೆ ಓದಲು ಏನೂ ಉಳಿಯುತ್ತಿರಲಿಲ್ಲ.